ಒಂದನ್ನು ಒತ್ತಿದವರು ಯಾರು?

ಇದು ಕಟ್ಟಿದ ಕತೆಯಾಗಿದ್ದರೆ ನನ್ನನ್ನು ನಾನೇ ಇಷ್ಟು ಕೆಟ್ಟದಾಗಿ ತೋರಿಸಿಕೊಳ್ಳುತ್ತಿರಲಿಲ್ಲ. ಹೋದ ಚಳಿಗಾಲದಲ್ಲಿ ನಡೆದದ್ದನ್ನು ನಡೆದಂತೆಯೇ ಹೇಳುತ್ತಿದ್ದೇನೆ.

ಬೆಳಗಾವಿಯ ಒಂದು ಚಿಕ್ಕ ಡಯಾಲಿಸಿಸ್ ಕೇಂದ್ರದ ವೆಬ್‌ಸೈಟನ್ನು ನಾನು ಶಿವಬಸವ ನಗರದ ನಮ್ಮ ಮನೆಯಿಂದಲೇ ನೋಡಿಕೊಳ್ಳುತ್ತೇನೆ. ದಿನಾ ಸಂಜೆ ಏಳಕ್ಕೆ ಅದು ಮರುದಿನದ ರೋಗಿಗಳಿಗೆಲ್ಲ ತಾನಾಗಿಯೇ ಫೋನ್ ಮಾಡುತ್ತದೆ. ‘ನಾಳೆ ನಿಮ್ಮ ಸರದಿ ಇದೆ. ಬರುವುದಾದರೆ ಒಂದನ್ನು ಒತ್ತಿ.’ ಆ ಧ್ವನಿ ನನ್ನದೇ, ಮೊದಲೇ ರೆಕಾರ್ಡ್ ಮಾಡಿದ್ದು.

ಅಂದು ಏಳೂವರೆಯಾದರೂ ಕರೆಗಳು ಹೋಗಿರಲಿಲ್ಲ. ಬರೆದು ಹೇಳಿದರೆ ಸಾಕು, ವೆಬ್‌ಸೈಟಿನ ಒಳಹೊಕ್ಕು ಕೆಲಸ ಮಾಡಿಕೊಡುವ ಒಂದು ಎಐ ಏಜೆಂಟ್ ನನ್ನ ಬಳಿ ಇದೆ. ನಿಂತುಹೋದ ಕೆಲಸಗಳನ್ನು ಈಗಲೇ ನಡೆಸು ಎಂದೆ. ಅದು ಪಟ್ಟಿ ತೆಗೆದು ತೋರಿಸಿ, ಇವುಗಳಲ್ಲಿ ಕೆಲವು ತಿಂಗಳುಗಟ್ಟಲೆ ಹಳೆಯವು, ಇವತ್ತಿನವನ್ನಷ್ಟೇ ನಡೆಸಲೇ ಎಂದು ಕೇಳಿತು.

ನಾನು ತಂಗಿಯ ಮಗಳ ಹುಟ್ಟುಹಬ್ಬಕ್ಕೆ ಹೊರಟು ನಿಂತಿದ್ದೆ. ಪಟ್ಟಿ ಓದಲಿಲ್ಲ. ‘ಎಲ್ಲವನ್ನೂ’ ಎಂದು ಬರೆದು ಚಪ್ಪಲಿ ಮೆಟ್ಟಿದೆ.

ಕೇಕ್ ಕತ್ತರಿಸುವ ಹೊತ್ತಿಗೆ ಖಾನಾಪುರದಿಂದ ಶಬಾನಾಳ ಫೋನ್ ಬಂತು. ಸೈಕಲ್ ರಿಪೇರಿಯ ದಸ್ತಗೀರ್ ಚಾಚಾ ಅವಳ ತಂದೆ. ವಾರಕ್ಕೆರಡು ಸಲ ನಮ್ಮ ಕೇಂದ್ರಕ್ಕೆ ಬರುತ್ತಿದ್ದರು.

"ಅಕ್ಕಾರ... ಅಬ್ಬಾ ತೀರಿಕೊಂಡು ಎಂಟ್ ತಿಂಗಳಾತ್ರಿ. ಈಗ ಅವರ ಫೋನಿಗೆ ನಿಮ್ಮ ಕರೆ ಬಂದೇತಿ. ಅಮ್ಮಿ ಅಳಾಕತ್ತಾಳ."

ನನ್ನ ಬಾಯಿಂದ ಮೊದಲು ಬಂದದ್ದು ಕ್ಷಮೆಯಲ್ಲ. ಅದು ನಾನಲ್ಲ, ಮಷೀನ್ ಮಾಡಿದ್ದು ಎಂದೆ. ಅವಳು ಫೋನ್ ಇಟ್ಟಳು. ನಾನು ಊಟಕ್ಕೆ ಕೂರದೆ ಮನೆಗೆ ಬಂದೆ.

ಮರುದಿನ ಏಜೆಂಟ್ ಬರೆದಿಟ್ಟ ಕರೆಗಳ ವರದಿ ತೆರೆದೆ. ಚಾಚಾ ಹೆಸರಿನ ಮುಂದೆ ಹೀಗಿತ್ತು: ಕರೆ ಸ್ವೀಕರಿಸಲಾಗಿದೆ. ಉತ್ತರ, ಒಂದು.

ಮನೆಯವರು ಯಾರೋ ಗಾಬರಿಯಲ್ಲಿ ಒತ್ತಿರಬೇಕು ಅಂದುಕೊಂಡೆ. ಎದುರಿಗೆ ನಿಂತು ಕ್ಷಮೆ ಕೇಳೋಣವೆಂದು ಸಂಜೆಯ ಬಸ್ಸು ಹಿಡಿದೆ. ಖಾನಾಪುರ ಮುಟ್ಟಿದಾಗ ಕತ್ತಲಾಗಿತ್ತು.

ಕ್ಷಮೆಯ ಮಾತನ್ನು ಶಬಾನಾ ಪೂರ್ತಿ ಕೇಳಲೇ ಇಲ್ಲ. ಕೈಹಿಡಿದು ಒಳಕೋಣೆಗೆ ಕರೆದುಕೊಂಡು ಹೋಗಿ ಬಟ್ಟೆಯ ತಿಜೋರಿಯ ಬೀಗ ತೆಗೆದಳು. ಅತ್ತರಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಮಡಚಿಟ್ಟ ಜುಬ್ಬಾದ ಮೇಲೆ ಚಾಚಾರ ಹಳೆಯ ಬಟನ್ ಫೋನ್. ಹಿಂದಿನ ಮುಚ್ಚಳ ತೆರೆದಿತ್ತು... ಬ್ಯಾಟರಿ ಪಕ್ಕದಲ್ಲಿ ಬೇರೆಯೇ ಬಿದ್ದಿತ್ತು. ಹೊಟ್ಟೆ ಉಬ್ಬಿದ ಬ್ಯಾಟರಿ.

"ಅಬ್ಬಾ ತೀರಿಕೊಂಡ ವಾರಾನ ಬ್ಯಾಟರಿ ತಗದ ಇಟ್ಟೀನ್ರಿ," ಎಂದಳು ಪಿಸುಮಾತಿನಲ್ಲಿ. "ನಿನ್ನಿ ಇದರೊಳಗಿಂದ ರಿಂಗ್ ಆತು. ಬೀಗದ ಕೈ ಹುಡುಕೂದ್ರಾಗ ನಿಮ್ಮ ದನಿ ಕೇಳಿಸ್ತು. ಆಮ್ಯಾಲ..."

ಆಮೇಲೆ ಏನು ಎಂದು ಕೇಳಿದೆ.

"ಬಟನ್ ಒತ್ತಿದ ಸಪ್ಪಳ."

ವರದಿಯಲ್ಲಿ ಕಂಡದ್ದನ್ನು ನಾನು ಅವಳಿಗೆ ಹೇಳಲಿಲ್ಲ.

ಪಡಸಾಲೆಯಲ್ಲಿ ಅವಳ ತಾಯಿ ಜೈತುನಬಿ ಚಾಚಿ ಚಾಪೆಯ ಮೇಲೆ ಕುಳಿತಿದ್ದರು. ಬೈಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಬೈಯಲಿಲ್ಲ. ಕುಂದರ್ರಿ ಎಂದು ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಕೇಳಿದರು.

"ಖರೇ ಹೇಳ್ರಿ ಬಾಯಾರ. ಅವರು ಬರ್ತೀನಿ ಅಂತ ಹೇಳಿದ್ರೇನ್ರಿ?"

ಹೌದು ಅಂದರೆ ಮುಂದಿನ ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಪಟ್ಟಿ ಓದದೆ ‘ಎಲ್ಲವನ್ನೂ’ ಎಂದ ನನ್ನ ತಪ್ಪಿನ ವಿಷಯ ಅಲ್ಲಿಗೇ ಮುಗಿದುಹೋಗಲಿ ಅನ್ನಿಸಿತು.

"ಇಲ್ರಿ ಚಾಚಿ. ಏನೂ ಅಂದಿಲ್ರಿ."

ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ಆದರೆ ಅವರ ಮುಖ ಕಳೆಗುಂದಿತು. ನಿನ್ನೆಯಿಂದ ಅವರು ಹಿಡಿದುಕೊಂಡು ಕುಳಿತಿದ್ದದ್ದು ‘ಬರ್ತೀನಿ’ ಅನ್ನುವ ಅದೊಂದೇ ಮಾತನ್ನು ಎಂದು ನನಗೆ ಆಗ ತಿಳಿಯಿತು. "ಆತ್ ಬಿಡ್ರಿ," ಎಂದು ಗೋಡೆಯ ಕಡೆ ತಿರುಗಿದರು.

ಫೋನ್ ಹೇಗೆ ರಿಂಗಾಯಿತು, ಒತ್ತಿದವರು ಯಾರು... ನನಗೆ ಗೊತ್ತಿಲ್ಲ. ವರದಿಯ ಆ ಸಾಲು ಈಗಲೂ ಹಾಗೇ ಇದೆ. ಅಳಿಸಲು ಧೈರ್ಯ ಸಾಲುತ್ತಿಲ್ಲ. ಖಾನಾಪುರಕ್ಕೆ ಹೋಗಿ ಚಾಚಿಗೆ ಅದನ್ನು ತೋರಿಸುವ ಧೈರ್ಯವಂತೂ ಇನ್ನೂ ಬಂದಿಲ್ಲ.