ಹಿಟ್ಟು ಉಬ್ಬಿಸುವ ಕಾರು

ಮೊಮ್ಮಗಳು ಹುಟ್ಟಿದ್ದಾಳೆ! ಇದನ್ನು ಹೇಳದೆ ಕಾರಿನ ಕಥೆ ಶುರು ಮಾಡಿದರೆ ನನಗೆ ಉಸಿರು ಕಟ್ಟುತ್ತದೆ. ಮೊದಲ ಮೊಮ್ಮಗಳು. ಮೂಗು ನಮ್ಮ ಕಡೆಯದು, ಕಿವಿ ಬೀಗರ ಕಡೆಯದು, ಗಂಟಲು ಮಾತ್ರ ಯಾರ ಕಡೆಯದೆಂದು ಎರಡು ಮನೆಯವರೂ ಒಪ್ಪಿಕೊಳ್ಳುತ್ತಿಲ್ಲ. ಅವಳನ್ನು ತೊಟ್ಟಿಲಿಗೆ ಹಾಕಿದ ದಿನದ ಸಂಗತಿಯನ್ನು ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಎಲ್ಲರಿಗೂ ಹೇಳಿ ಮುಗಿಸಿದ್ದೇನೆ. ತರಕಾರಿಯವಳಿಗೂ ಹೇಳಿದ್ದೇನೆ, ಅವಳು ಈಗ ನಮ್ಮ ಮಹಡಿಗೆ ಬರುವುದೇ ಇಲ್ಲ. ಹೇಳಲು ಯಾರೂ ಉಳಿಯದ್ದರಿಂದ ಬರೆಯುತ್ತಿದ್ದೇನೆ. ಶಾಲೆಗೆ ಹೋದದ್ದು ನಾಲ್ಕನೆಯ ಕ್ಲಾಸಿನವರೆಗೆ, ಆದರೆ ಸಂತೋಷಕ್ಕೆ ಅಷ್ಟು ಅಕ್ಷರ ಸಾಕು.

ಆ ದಿನದ ಕಥೆ ಹೇಳಬೇಕಾದರೆ ಪದ್ಮಿನಿಯ ಕಥೆ ಹೇಳಲೇಬೇಕು. ಪದ್ಮಿನಿ ನಮ್ಮ ಕಾರು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳೆಲ್ಲ ಒಂದು ಕಾಲಕ್ಕೆ ಅದೇ ಜಾತಿಯವು. ನಮ್ಮದು ಕೆನೆ ಬಣ್ಣದ್ದು. ಈಗ ಕೆನೆಯ ಮೇಲೆ ಅಲ್ಲಲ್ಲಿ ಕಾಫಿ ಚೆಲ್ಲಿದ ಹಾಗೆ ತುಕ್ಕು.

ಆಗ ನಾವು ಠಾಣೆ ಪಟ್ಟಣದ ಪಕ್ಕ ಕಳವಾ ಎಂಬಲ್ಲಿ ಚಾಳಿನ ಒಂದು ಖೋಲಿಯಲ್ಲಿದ್ದೆವು. ಊರು ಉಡುಪಿಯ ಕಡೆ. ನಮ್ಮವರು ಹೋಟೆಲಿನ ಕೆಲಸ ಬಿಟ್ಟು ಇಡ್ಲಿ ಹಿಟ್ಟಿನ ವ್ಯಾಪಾರಕ್ಕೆ ಇಳಿದಿದ್ದರು. ರುಬ್ಬುವುದು ನಾನು, ಠಾಣೆಯ ಕ್ಯಾಂಟೀನುಗಳಿಗೆ ಮುಟ್ಟಿಸುವುದು ಅವರು. ಮೊದಲು ಸೈಕಲ್ ಇತ್ತು. ಸೈಕಲ್ ಬಿದ್ದ ದಿನ ರಸ್ತೆಯ ನಾಯಿಗಳಿಗೆಲ್ಲ ಹಬ್ಬ. ಕೊನೆಗೆ ಅವರ ಹಳೆಯ ಧಣಿ ಅಂಬಾಸಿಡರ್ ಕೊಂಡಾಗ ತಮ್ಮ ಪದ್ಮಿನಿಯನ್ನು ನಮಗೆ ಕೊಟ್ಟರು. ಹಿಟ್ಟಿನ ಪಾತ್ರೆಗಳು ಹಿಂದಿನ ಸೀಟಿನಲ್ಲಿ ಯಜಮಾನರ ಹಾಗೆ ಕೂತು ಹೋಗತೊಡಗಿದವು.

ಚಳಿಗಾಲದಲ್ಲಿ ಹಿಟ್ಟು ಉಬ್ಬುವುದಿಲ್ಲ. ರುಬ್ಬುವ ಹೆಂಗಸಿಗೆ ಅದರಷ್ಟು ದೊಡ್ಡ ತಲೆನೋವು ಬೇರೆ ಇಲ್ಲ. ಒಂದು ದಿನ ಇವರು ಮಾಜಿವಾಡಾದ ಹತ್ತಿರ ಕಾರನ್ನು ಬಿಸಿಲಿಗೆ ನಿಲ್ಲಿಸಿ ಯಾರ ಜೊತೆಗೋ ಊರಿನ ಸುದ್ದಿ ಮಾತಾಡುತ್ತ ನಿಂತರಂತೆ. ತಿರುಗಿ ಬಂದು ನೋಡಿದರೆ ಮನೆಯಲ್ಲಿ ಮಲಗಿಯೇ ಇದ್ದ ಹಿಟ್ಟು ಕಾರಿನಲ್ಲಿ ಎದ್ದು ಕೂತಿದೆ! ಗಾಜು ಏರಿಸಿದ ಡಬ್ಬಿಯಂಥ ಕಾರು, ಮುಂದೆ ಇಂಜಿನ್ನಿನ ಬಿಸಿ, ಮೇಲೆ ಬಿಸಿಲು. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಾಯ್ದೆಯಾಯಿತು: ಹಿಟ್ಟು ಅರ್ಧ ಉಬ್ಬುವುದು ಮನೆಯಲ್ಲಿ, ಉಳಿದರ್ಧ ಕಾರಿನಲ್ಲಿ. ಇಳಿಸುವ ಹೊತ್ತಿಗೆ ಸರಿಯಾಗಿ ಅಂಚಿಗೆ ಬಂದಿರಬೇಕು. ನಾನು ಹಿಟ್ಟನ್ನು ನೋಡಿ "ಈಗ ಹೊರಡಿ" ಎನ್ನುತ್ತಿದ್ದೆ, ಅವರು ಹೊರಡುತ್ತಿದ್ದರು. ಎಷ್ಟೋ ವರ್ಷ ಒಂದು ದಿನವೂ ಲೆಕ್ಕ ತಪ್ಪಿಲ್ಲ.

ಆ ಕಾರಿನ ವಾಸನೆಯನ್ನು ಹೇಗೆ ಬರೆಯುವುದು? ಪೆಟ್ರೋಲು, ಹುಳಿ ಹಿಟ್ಟು, ಬೆವರು, ಡ್ಯಾಶ್‌ಬೋರ್ಡಿನ ದೇವರಿಗೆ ಹಚ್ಚಿದ ಊದುಬತ್ತಿ. ಮಗನನ್ನು ಅದರಲ್ಲೇ ಶಾಲೆಗೆ ಬಿಡುತ್ತಿದ್ದೆವು. ಅವನ ಗೆಳೆಯರು ಅವನನ್ನು ದೂರದಿಂದಲೇ ಮೂಸಿ "ಇಡ್ಲಿ ಆಯಾ", ಇಡ್ಲಿ ಬಂತು, ಎನ್ನುತ್ತಿದ್ದರಂತೆ. ಅವನಿಗೆ ಅಳು, ನನಗೆ ಹೆಮ್ಮೆ.

ಗೇರು ಸ್ಟಿಯರಿಂಗಿನ ಪಕ್ಕದಲ್ಲೇ ಇತ್ತು. ಮುಂದಿನ ಸೀಟು ಸೋಫಾದ ಹಾಗೆ ಉದ್ದಕ್ಕೆ, ಅದರಲ್ಲಿ ಮೂವರು ಕೂರಬಹುದು, ಹೊಂದಾಣಿಕೆ ಇದ್ದರೆ ನಾಲ್ವರು. ಗಾಜು ಇಳಿಸುವ ಹಿಡಿಗಳು ಒಂದೊಂದಾಗಿ ಮುರಿದು ಹೋದ ಮೇಲೆ ಒಂದು ಇಕ್ಕಳ ಇಟ್ಟುಕೊಂಡೆವು. ಸೆಖೆಯಾದವರು "ಇಕ್ಕಳ ಕೊಡಿ" ಎನ್ನಬೇಕು, ಗಾಜು ಇಳಿಸಿಕೊಂಡು ಪಕ್ಕದವರಿಗೆ ದಾಟಿಸಬೇಕು. ಟಿಟ್ವಾಳದ ಗಣಪತಿಗೆ ಹೋಗುವಾಗ ಚಾಳಿನ ಅರ್ಧ ಜನ ಅದರಲ್ಲಿರುತ್ತಿದ್ದರು. ಪ್ರಸಾದಕ್ಕಿಂತ ಹೆಚ್ಚು ಸಲ ಕೈಯಿಂದ ಕೈಗೆ ಹೋಗುತ್ತಿದ್ದದ್ದು ಆ ಇಕ್ಕಳ. ನೆರೆಮನೆಯವರು ಆಗ ಪುಟ್ಟ ಬಿಳಿ ಏಯ್ಟ್ ಹಂಡ್ರೆಡ್ ಕಾರು ಕೊಂಡಿದ್ದರು; ಅದಕ್ಕೆ ಹತ್ತಬೇಕಾದರೆ ಚಪ್ಪಲಿ ಬಿಡಬೇಕಿತ್ತು, ಸೀಟಿನ ಪ್ಲಾಸ್ಟಿಕ್ ತೆಗೆಯುವ ಹಾಗಿರಲಿಲ್ಲ. ಅದರಲ್ಲಿ ಕೂತವರು ನಗುತ್ತಲೂ ಇರಲಿಲ್ಲ. ನಮ್ಮ ಪದ್ಮಿನಿಯಲ್ಲಿ ಮೂಲಂಗಿ ಕಟ್ಟು ಹಿಡಿದುಕೊಂಡೂ ಕೂರಬಹುದಿತ್ತು.

ಈಗ ಹಿಟ್ಟಿನ ವ್ಯಾಪಾರ ಇಲ್ಲ. ಮಗ ದೊಡ್ಡ ಕೆಲಸದಲ್ಲಿದ್ದಾನೆ, ಸೀವುಡ್ಸ್‌ನಲ್ಲಿ ಫ್ಲ್ಯಾಟು. ಸೊಸೆ ಕಲ್ಯಾಣದವಳು, ಅವಳ ತಂದೆ ಗದಗದ ಕಡೆಯವರು, ಕಲ್ಯಾಣದಲ್ಲಿ ಬಟ್ಟೆ ಅಂಗಡಿ. ಬೀಗರ ಹತ್ತಿರ ಎತ್ತರದ ಬಿಳಿ ಹೊಸ ಕಾರು ಇದೆ. ಒಮ್ಮೆ ಅದರಲ್ಲಿ ನನ್ನನ್ನು ಸ್ಟೇಷನ್ನಿಗೆ ಬಿಟ್ಟಿದ್ದರು. ಮಗನ ಮನೆಗೆ ಬಂದು ನಾನು ಸೊಸೆಯ ಎದುರಿಗೇ, "ಫ್ರಿಜ್ಜಿನೊಳಗೆ ಕೂತ ಹಾಗಾಯ್ತು ಮಾರಾಯ್ತಿ, ನಾನೇನು ಬದನೆಕಾಯಿಯಾ?" ಎಂದುಬಿಟ್ಟಿದ್ದೆ. ಮಾತು ಅದೇ ದಿನ ಕಲ್ಯಾಣ ಮುಟ್ಟಿತ್ತು.

ತೊಟ್ಟಿಲ ಶಾಸ್ತ್ರವನ್ನು ಮಗನ ಸೊಸೈಟಿಯ ಹಾಲ್‌ನಲ್ಲೇ ಇಟ್ಟುಕೊಂಡೆವು. ಮಧ್ಯಾಹ್ನದ ಊಟಕ್ಕೆ ಬೀಗರ ಕಡೆಯ ಹೋಳಿಗೆ, ಬೆಳಗಿನ ಫಲಾಹಾರ ನಮ್ಮದು.

"ಅಮ್ಮಾ, ಕೇಟರರ್‌ಗೆ ಬೋಲ್ ದೇತಾ ಹೂಂ. ಯಾಕೆ ಟೆನ್ಶನ್?" ಎಂದ ಮಗ.

"ನನ್ನ ಮೊದಲ ಮೊಮ್ಮಗಳ ತೊಟ್ಟಿಲಿಗೆ ಕೇಟರರ್‌ನ ಇಡ್ಲಿಯಾ? ಊರಿಡೀ ಇಡ್ಲಿ ತಿನ್ನಿಸಿದವಳು ನಾನು! ಕೊಟ್ಟೆ ಕಡುಬು ಆಗ್ಬೇಕು, ನನ್ನ ಕೈಯದ್ದೇ ಆಗ್ಬೇಕು. ಬಿಸಿ ಬಿಸಿ, ಅಲ್ಲೇ ಬೇಯಿಸಿ ಬಡಿಸ್ತೇನೆ."

ಬೀಗತಿಯವರೂ ಫೋನಿನಲ್ಲಿದ್ದರು, ಎಲ್ಲ ಕೇಳಿಸಿಕೊಂಡರು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ. ಹಲಸಿನ ಎಲೆಗಳನ್ನು ಕಡ್ಡಿ ಚುಚ್ಚಿ ದೊನ್ನೆ ಮಾಡಿ, ಅದರಲ್ಲಿ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸುವ ಕಡುಬು ಅದು. ದೊನ್ನೆಗಳನ್ನು ನಾನೇ ಕಟ್ಟಿದೆ. ಒಂದೊಂದು ಕಟ್ಟುವಾಗಲೂ ಮಗುವಿನ ಮುಖ ಕಣ್ಣೆದುರಿಗೆ ಬಂದು ಬೆರಳಿಗೆ ಕಡ್ಡಿ ಚುಚ್ಚಿಕೊಂಡೆ.

ಮಗ ಎಸಿ ಟ್ಯಾಕ್ಸಿ ಕಳಿಸುತ್ತೇನೆಂದಾಗ ನಮ್ಮವರ ಮುಖ ಸಣ್ಣದಾಯಿತು. "ಪದ್ಮಿನಿ ಎಂತ ಸತ್ತು ಹೋಗಿದೆಯಾ?" ಎಂದರು. ನಾನೂ ಅವರದೇ ಪಕ್ಷ. ಬೆಳಿಗ್ಗೆ ದೊಡ್ಡ ಸ್ಟೀಲಿನ ಪಾತ್ರೆಯಲ್ಲಿ ಹಿಟ್ಟು ಸರಿಯಾಗಿ ಅರ್ಧ ಉಬ್ಬಿದಾಗ, ಹಳೆಯ ಅಭ್ಯಾಸದಂತೆ "ಈಗ ಹೊರಡಿ" ಎಂದೆ. ಹೊಸ ರೇಷ್ಮೆ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಹಿಟ್ಟಿನ ಪಕ್ಕ ಕೂತೆ. ಪದ್ಮಿನಿ ಮೂರು ಸಲ ಕೆಮ್ಮಿ ಹೊರಟಿತು.

ಒಂದು ವಿಷಯ ಮಾತ್ರ ನಾವಿಬ್ಬರೂ ಮರೆತಿದ್ದೆವು. ಕಾಯ್ದೆ ಚಳಿಗಾಲದ್ದು. ಆ ದಿನ ಮೇ ತಿಂಗಳು.

ಶಿಳಫಾಟಾದ ಹತ್ತಿರ ಒಂದು ದೊಡ್ಡ ಕಂಟೇನರ್ ಲಾರಿ ರಸ್ತೆಗೆ ಅಡ್ಡ ನಿಂತುಬಿಟ್ಟಿತ್ತು. ಮುಂದೆ ಲಾರಿ, ಹಿಂದೆ ಲಾರಿ, ಮೇಲೆ ಬಿಸಿಲು. ಸ್ವಲ್ಪ ಹೊತ್ತಿಗೆ ಪಾತ್ರೆಯ ಮುಚ್ಚಳ ಮೆಲ್ಲಗೆ ತಲೆ ಎತ್ತಿತು. ನಾನು ಎರಡೂ ಕೈಯಿಂದ ಒತ್ತಿ ಹಿಡಿದೆ.

"ಹೋಯ್, ಹಿಟ್ಟು ಬರ್ತಾ ಉಂಟು!"

"ಎಲ್ಲಿಗೆ?"

"ನನ್ನ ಮಡಿಲಿಗೆ! ಗಾಜು ಇಳಿಸಿ!"

"ಇಕ್ಕಳ ನಿನ್ನ ಹತ್ರ ಉಂಟಲ್ಲ ಮಾರಾಯ್ತಿ!"

"ನನ್ನ ಎರಡು ಕೈಯೂ ಮುಚ್ಚಳದ ಮೇಲೆ ಉಂಟು! ಮೂರನೇದು ದೇವರು ಕೊಡ್ಲಿಲ್ಲ!"

ಅಷ್ಟರಲ್ಲಿ ಇವರು ಮೂಗು ಅರಳಿಸಿದರು. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಲಸ ಬಿಟ್ಟು ಎಷ್ಟೋ ಕಾಲವಾಗಿದೆ, ಇವರಿಗೆ ವಾಸನೆಯಲ್ಲೇ ಗೊತ್ತಾಗುತ್ತದೆ. ಆದರೆ ಈ ಸಲ ಹುಳಿ ಹಿಟ್ಟಿನ ವಾಸನೆಯಲ್ಲಿ ಇಂಜಿನ್ನಿನ ವಾಸನೆ ಮುಚ್ಚಿಹೋಗಿ, ತಿಳಿಯುವಾಗ ತಡವಾಗಿತ್ತು. ಕಾರನ್ನು ಬದಿಗೆ ತಂದು, ನನ್ನ ಕಡೆಯ ಬಾಗಿಲು ತೆರೆದಿಟ್ಟು, ಬಾನೆಟ್ ಎತ್ತಿದಾಗ ಮುಂದಿನಿಂದ ಉಗಿ, ಹಿಂದಿನಿಂದ ಹಿಟ್ಟು. ಸೀರೆಯ ನೆರಿಗೆಯಲ್ಲಿ ಇಡ್ಲಿಗೆ ಸಾಕಾಗುವಷ್ಟಿತ್ತು. ನನಗೆ ಅಳುವೇ ಬಂತು. ಸೀರೆ ಹೋದರೆ ಹೋಗಲಿ. ಇದೇ ಬಿಸಿಯಲ್ಲಿ ಇನ್ನೊಂದು ಗಳಿಗೆ ಕಳೆದರೆ ಹಿಟ್ಟು ಹುಳಿ ಹೊಡೆಯುತ್ತದೆ. ಅಷ್ಟು ಜಂಬ ಕೊಚ್ಚಿದ ಅಜ್ಜಿ ಮಗುವಿನ ತೊಟ್ಟಿಲಿಗೆ ಬರಿಗೈಯಲ್ಲಿ ಹೋಗಬೇಕು.

ಹಿಂದಿನಿಂದ ಒಂದು ಹಾರ್ನ್ ಕೇಳಿತು. ಬೀಗರ ಬಿಳಿ ಕಾರು! ಕಲ್ಯಾಣದಿಂದ ಸೀವುಡ್ಸ್‌ಗೂ ಇದೇ ದಾರಿ. ಬೀಗರು ಇಳಿದು ಓಡಿಬಂದರು.

"ಏನಾತ್ರೀ ಬೀಗರ, ಗಾಡಿ ಕೆಟ್ಟತೇನು?"

"ಕೆಟ್ಟದ್ದಲ್ಲ ಮಾರಾಯ್ರೆ, ಸ್ವಲ್ಪ ಉಸಿರು ತಗೊಳ್ತಾ ಉಂಟು," ಎಂದರು ನಮ್ಮವರು.

ಬೀಗರಿಗೆ ಉತ್ತರ ಬೇಕಾಗಿರಲೇ ಇಲ್ಲ. ಬಾನೆಟ್ಟಿನೊಳಗೆ ತಲೆ ಹಾಕಿದವರು ಹೊರಗೆ ತೆಗೆಯಲೇ ಇಲ್ಲ. ಒಳಗಿನಿಂದ ಅವರ ದನಿ ಮಾತ್ರ ಬರುತ್ತಿತ್ತು. "ಅಯ್ಯ, ಹಂಗ ಐತಲ್ರೀ! ನಮ್ಮದೂ ಇಂಥಾದ್ದ ಒಂದ ಇತ್ತು. ಮದಿವ್ಯಾದ ಮ್ಯಾಲೆ ಇಕಿನ್ನ ಗದಗಿನಿಂದ ಕಲ್ಯಾಣಕ್ಕ ಅದರಾಗ ಕರ್ಕೊಂಡ ಬಂದಿದ್ದೆ. ಘಟ್ಟದಾಗ ನಿಂತಾಗ ಇಕಿನ ಇಳದು ತಳ್ಳಿದ್ಲು!"

ನಮ್ಮ ಪಕ್ಕದಲ್ಲಿ ನಿಂತಿದ್ದ ಬಿಳಿ ಕಾರಿನ ಗಾಜು ತಾನಾಗಿ ಇಳಿಯಿತು. ಇಳಕಲ್ ಸೀರೆಯ ಬೀಗತಿ ಮುಖ ಹೊರಹಾಕಿದರು. "ಮದಿವಿ ಹಸಿರ ಬಳಿ ಕೈಯಾಗ ಇದ್ದವು, ತಳ್ಳೀನಿ. ಅದನ್ನ ಎಷ್ಟ ಹೆಮ್ಮೀಲೆ ಹೇಳ್ತಾರ ನೋಡ್ರಿ ಅಕ್ಕಾರ! ಅಲ್ರೀ, ನೀವ್ಯಾಕ ಹಂಗ ಪಾತ್ರಿ ಅಪ್ಪಿಕೊಂಡ ಕುಂತೀರಿ?"

ತೆರೆದ ಗಾಜಿನಿಂದ ತಣ್ಣಗಿನ ಗಾಳಿ ನನ್ನ ಕೆನ್ನೆಗೆ ಬಡಿಯಿತು. ಹಿಟ್ಟನ್ನು ಉಳಿಸುವ ಜಾಗ ಅದೊಂದೇ. ಬದನೆಕಾಯಿಯ ಮಾತು ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ಒಂದು ಕಡೆ ನನ್ನ ಮಾನ, ಇನ್ನೊಂದು ಕಡೆ ಮೊಮ್ಮಗಳ ಕಡುಬು. ನಾನೇನು ಹೆಚ್ಚು ಯೋಚಿಸಲಿಲ್ಲ.

"ಅಕ್ಕಾ, ನಿಮ್ಮ ಫ್ರಿಜ್ಜಿನಲ್ಲಿ ಒಂದು ಪಾತ್ರೆಗೆ ಜಾಗ ಉಂಟಾ?"

ಬೀಗತಿ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಗತೊಡಗಿದರು. ಹಾರ್ನ್ ಒತ್ತಿ ಹೋಗಿ ಅಕ್ಕಪಕ್ಕದ ಲಾರಿಯವರೆಲ್ಲ ತಿರುಗಿ ನೋಡಿದರು. "ಬದ್ನಿಕಾಯಿಗೂ ಜಾಗ ಐತಿ, ಬರ್ರಿ!"

ಆಗಲೇ ನಾನು ಗಮನಿಸಿದ್ದು: ಅವರು ಕೂತದ್ದು ಸ್ಟಿಯರಿಂಗಿನ ಹಿಂದೆ.

"ನೀವಾ ಗಾಡಿ ಬಿಡುವುದು?"

"ಮತ್ತ? ಇದರಾಗ ಗೇರೂ ಇಲ್ಲ, ಗೀರೂ ಇಲ್ಲ. ಮಿಕ್ಸರ್ ನಡಿಸಿದಂಗ. ಇವರು ಬರೇ ಪಕ್ಕದಾಗ ಕುಂತು ಬ್ರೇಕ್ ಹಾಕು ಅಂತ ಒದರ್ತಾರ."

ಹಿಂದಿನ ಸೀಟಿನ ತುಂಬ ಹೋಳಿಗೆಯ ಡಬ್ಬಿಗಳು. ಅವುಗಳ ನಡುವೆ ನಾನು ದೊನ್ನೆಗಳ ಗಂಟು ಹಿಡಿದು ತುರುಕಿಕೊಂಡೆ. ಹಿಟ್ಟಿನ ಪಾತ್ರೆಗೆ ಮುಂದಿನ ಸೀಟು, ತಣ್ಣನೆ ಗಾಳಿ ನೇರ ಮುಚ್ಚಳಕ್ಕೇ ಬೀಸುವ ಹಾಗೆ. ಕಾರು ಹೊರಟದ್ದೇ ಕೀಂ ಕೀಂ ಎಂದು ಕೂಗತೊಡಗಿತು.

"ಇದೆಂತ ಶಬ್ದ?"

"ಬೆಲ್ಟ್ ಹಾಕಿಲ್ಲ ಅಂತದ. ಅದಕ್ಕ ಹಿಟ್ಟೂ ಒಂದ, ಮನಷ್ಯಾರೂ ಒಂದ."

ಹಿಂದಿನಿಂದ ಬಗ್ಗಿ ಹಿಟ್ಟಿಗೆ ಬೆಲ್ಟ್ ಹಾಕಿದೆ. ಕಾರು ಸುಮ್ಮನಾಯಿತು. ಹಿಟ್ಟೂ ಸುಮ್ಮನಾಯಿತು. ಬೀಗತಿ ಲಾರಿಗಳ ಸಂದಿಯಲ್ಲಿ ನುಗ್ಗಿಸಿದ ರೀತಿಗೆ ನಾನು ಮಾತ್ರ ಸುಮ್ಮನಿರಲಾರದೆ ಮಹಾಪೆಯವರೆಗೆ ದೇವರ ಹೆಸರು ಹೇಳಿದೆ. ಹೊರಡುವಾಗ ಬೀಗರನ್ನು ನಾವು ಕರೆಯಲೂ ಇಲ್ಲ, ಅವರು ಬರುವ ಅಂದಾಜಿನಲ್ಲೂ ಇರಲಿಲ್ಲ. ಇಬ್ಬರು ಗಂಡಸರೂ ಬಾನೆಟ್ಟಿನೊಳಗೆ ತಲೆ ತಲೆ ತಾಗಿಸಿ ನಿಂತಿದ್ದರು.

ಸೀವುಡ್ಸ್ ಮುಟ್ಟಿದ ಕೂಡಲೇ ದೊನ್ನೆಗೆ ಹೊಯ್ದು ಹಬೆಗೆ ಇಟ್ಟೆ. ಆದರೆ ರುಚಿ ನೋಡುವ ಹಾಗಿಲ್ಲವಲ್ಲ! ತೊಟ್ಟಿಲ ಶಾಸ್ತ್ರ ಮುಗಿದು ದೇವರಿಗೆ ಇಡುವವರೆಗೆ ಬಾಯಿಗೆ ಹಾಕಬಾರದು. ಪಾತ್ರೆಯ ಹಬೆಗೆ ಮೂಗು ಒಡ್ಡಿದೆ. ನನ್ನ ಸೀರೆಯೇ ಹುಳಿ ಹುಳಿ ನಾರುತ್ತಿತ್ತು, ಇನ್ನೇನು ತಿಳಿಯುತ್ತದೆ?

ಮಗ ಫೋನ್ ಹಿಡಿದು ಒದ್ದಾಡುತ್ತಿದ್ದ. "ಪಪ್ಪಾ ಕಹಾಂ ಹೈ? ಮಾವನೂ ಇಲ್ಲ! ಭಟ್ರು ಮುಹೂರ್ತ ಅಂತಿದ್ದಾರೆ!" ಕೊನೆಗೆ ಬೀಗರು ಎತ್ತಿದರು. "ಇಲ್ಲೇ ಮಹಾಪೆದಾಗ ಅದೀವಿ, ಚಾ ಕುಡ್ಯಾಕ್ಹತ್ತೀವಿ. ಭಾರಿ ಓಡ್ತದಪಾ ಗಾಡಿ!"

ಭಟ್ಟರು ಕಾಯಲಿಲ್ಲ. ಮಗುವನ್ನು ತೊಟ್ಟಿಲಿಗೆ ಹಾಕಿದೆವು, ಸೋದರತ್ತೆಯ ಲೆಕ್ಕದಲ್ಲಿ ಮಗನ ಚಿಕ್ಕಪ್ಪನ ಮಗಳು ಕಿವಿಯಲ್ಲಿ ಹೆಸರು ಹೇಳಿದಳು, ಮಗು ಹಾಲ್ ಅದುರುವ ಹಾಗೆ ಕಿರುಚಿ ಒಪ್ಪಿಗೆ ಕೊಟ್ಟಿತು. ನಾನು ನಕ್ಕೆ, ಅತ್ತೆ, ಎರಡನ್ನೂ ಒಟ್ಟಿಗೆ ಮಾಡಿದೆ. ಆಮೇಲೆ ಕಡುಬು ಬಡಿಸಲು ಹೊರಟೆ. ಮೊದಲ ಎಲೆ ಬೀಗತಿಯವರದು.

ದೊನ್ನೆ ಬಿಚ್ಚಿದರು. ಹಬೆ ಎದ್ದಿತು. ಒಂದು ತುಂಡು ಚಟ್ನಿಗೆ ಅದ್ದಿ ಬಾಯಿಗಿಟ್ಟರು. ಅಗಿದರು. ಮತ್ತೂ ಅಗಿದರು. ಕಣ್ಣು ಮುಚ್ಚಿದರು. ಹುಳಿಯಾಯಿತೇ? ಅವರು ಪಾತ್ರೆಗೇ ಕೈ ಹಾಕಿ ಇನ್ನೊಂದು ಎತ್ತಿಕೊಂಡರು.

"ಮೆತ್ತಗ ಹತ್ತಿ ಆಗೇದಲ್ರೀ ಅಕ್ಕಾರ! ಹ್ಯಾಂಗ ಮಾಡೀರಿ?"

"ಅಕ್ಕಿ ತರಿ ಎರಡು ಪಾಲು, ಉದ್ದು ಒಂದು ಪಾಲು," ಎಂದೆ.

"ಅದು ನಮಗೂ ಗೊತ್ತೈತಿ. ಮುಂದ?"

"ಮುಂದೆ ಅರ್ಧ ನಮ್ಮ ಕಾರಿನಲ್ಲಿ, ಅರ್ಧ ನಿಮ್ಮ ಕಾರಿನಲ್ಲಿ."

ಆ ಹೊತ್ತಿಗೆ ಇಬ್ಬರು ಅಜ್ಜಂದಿರು ಬಾಗಿಲಲ್ಲಿ ಕಾಣಿಸಿಕೊಂಡರು. ಮೊಣಕೈವರೆಗೆ ಗ್ರೀಸು, ಮುಖದಲ್ಲಿ ಮದುವೆಯ ಕಳೆ. ಮಗನಿಗೂ ಸ್ಟಿಯರಿಂಗ್ ಮುಟ್ಟಲು ಕೊಡದ ನಮ್ಮವರು ಬೀಗರಿಗೆ ಇಡೀ ದಾರಿ ಕಾರು ಬಿಡಲು ಕೊಟ್ಟಿದ್ದರಂತೆ. ಬೀಗತಿ ಸೊಂಟದ ಮೇಲೆ ಕೈಯಿಟ್ಟರು.

"ಮೊಮ್ಮಗಳ ಹೆಸರ ಏನಂತ ಗೊತ್ತೈತೇನ್ರಿ ಇಬ್ಬರಿಗೂ?"

ನಮ್ಮವರು ನನ್ನ ಕೈಯ ಪಾತ್ರೆಯನ್ನು ನೋಡಿ ಮೆಲ್ಲಗೆ ಕೇಳಿದರು: "ಕಡುಬು ಮುಗೀಲಿಲ್ಲ ಅಲ್ವಾ?"

"ಮೊದ್ಲು ಕೈ ತೊಳೀರಿ, ಆಮೇಲೆ ಹೆಸರು ಕೇಳಿ, ಆಮೇಲೆ ಕಡುಬು," ಎಂದೆ. ಇಬ್ಬರೂ ಶಾಲೆಯ ಹುಡುಗರ ಹಾಗೆ ನಲ್ಲಿಯ ಕಡೆಗೆ ನಡೆದರು. ನಾನು ಅವರಿಗೆಂದು ದೊಡ್ಡ ದೊನ್ನೆಗಳನ್ನೇ ಬದಿಗೆ ಎತ್ತಿಟ್ಟೆ.