ಠಾಣೆಯಿಂದ ವಾಪಸ್ ಬಾರದ ಬಂದೂಕು

ನಮ್ಮನಿ ಬಂದೂಕು ಹೋಗಿದ್ದು ನನ್ನಿಂದ ಅಂತ ಪಾಪಿನಾಯಕನಹಳ್ಳಿಯಾಗಿರೋ ನಮ್ಮ ಅತ್ತಿ ಇವತ್ತಿಗೂ ಬಂದವರ ಮುಂದೆಲ್ಲಾ ಹೇಳ್ತಾರ. ಹೇಳ್ಲಿ. ಖರೇನ ಐತಿ. ಗಂಡನ ನೌಕ್ರಿ ಕಳದಾಕಿ, ಮಿಲಿಟ್ರಿಯವನ ಮಾನ ಪೊಲೀಸ್ ಠಾಣೆಯಾಗ ಹರಾಜು ಹಾಕಿದಾಕಿ, ಕಂಪ್ಲಿಯಿಂದ ಇಂಥಾ ಬಾಯಿಬಡಕಿನ್ನ ಯಾಕರ ತಂದ್ವೋ ಅಂತ ಅನಿಸಿಕೊಂಡಾಕಿ ನಾನೇ. ಅವರಷ್ಟ ಹೇಳಿದ್ರ ಹೆಂಗ? ನನಗೂ ಬಾಯಿ ಐತಿ.

ನನ್ನ ಗಂಡ ಸೈನ್ಯದಾಗಿನ ನೌಕ್ರಿ ಮುಗಿಸಿ ಬಂದ ದಿನ ಹೊಸಪೇಟೆ ಸ್ಟೇಷನ್ನಿನ ಹೊರಗ ತೆರೆದ ಜೀಪು ನಿಂತಿತ್ತು. ಅವರ ತಮ್ಮ, ಅಂದ್ರ ನನ್ನ ಮೈದುನ, ಊರಿನ ಹುಡುಗರನ್ನ ಕೂಡಿಸಿ ಎಲ್ಲಾ ತಯಾರಿ ಮಾಡಿದ್ದ. ಕೊರಳ ತುಂಬ ಹಾರ, ಡೊಳ್ಳು, ಧ್ವಜ, ಊರತನಕ ಮೆರವಣಿಗಿ. ಪಟಾಕಿ ಸರ ಹಚ್ಚಿದಾಗ ಜೀಪಿನ ಕಂಬಿ ಹಿಡಿದಿದ್ದ ಅವರ ಬೆರಳು ಬೆಳ್ಳಗಾಗಿದ್ದು ನನಗ ಕಾಣ್ತು. ಮಂದಿಗೆ ಮಾತ್ರ ಭಾರತ್ ಮಾತಾಕಿ ಜೈ ಅಂತ ಒದರೋದ್ರಾಗ ಪುರುಸೊತ್ತಿರಲಿಲ್ಲ.

ಆಮ್ಯಾಲೆ ಶುರು ಆತು ನೋಡ್ರಿ ಶಾಲಿನ ಕಾಟ. ಆಗಸ್ಟ್ ಹದಿನೈದು, ಜನವರಿ ಇಪ್ಪತ್ತಾರು, ಶಾಲಿ ಫಂಕ್ಷನ್ನು, ಯಾವನೋ ಲೀಡರ್‌ನ ಹುಟ್ಟಿದಬ್ಬ, ಎಲ್ಲಾದಕ್ಕೂ ಕರದು, ಶಾಲು ಹೊದಿಸಿ, ಫೋಟೊ ತಗದು ಕಳಿಸೋರು. ಮಿಕ್ಸಿಗೊಂದು, ಹೊಲಿಗಿ ಮಷೀನಿಗೊಂದು, ಟಿ.ವಿ.ಗೊಂದು ಶಾಲು ಮುಚ್ಚಿದ್ರೂ ಇನ್ನೂ ಉಳಿದ್ವು. ನಿದ್ದಿ ಬರ್ತೈತೇನಪ್ಪಾ, ಉಣ್ಣಾಕ ಮನಸ್ಸಾಗ್ತೈತೇನು ಅಂತ ಕೇಳಿದಾವ ಒಬ್ಬನೂ ಇಲ್ಲ. ಥೂ, ಎಂಥಾ ಮಂದಿಯೋ.

ಮಗಳ ಓದಿಗೆ ಅನುಕೂಲ ಅಂತ ನಾವು ಟಿ.ಬಿ. ಡ್ಯಾಂ ಕಡೆ ಒಂದು ಸಣ್ಣ ಮನಿ ಬಾಡಿಗಿ ಹಿಡಿದ್ವಿ. ಸೈನ್ಯ ಬಿಡೋ ಮುಂದ ಹೊರಗ ನೌಕ್ರಿ ಹುಡುಕೋದು ಹೆಂಗ ಅಂತ ಅವರಿಗೆ ಏನೋ ಕ್ಲಾಸು ಆಗಿತ್ತಂತ. ಹೆಂಡ್ತಿ ಮಗಳ ಜೋಡಿ ಕುಂತು ಒಂದು ಹೊತ್ತು ಸಮಾಧಾನದಿಂದ ಉಣ್ಣೋದು ಹೆಂಗ ಅಂತ ಕ್ಲಾಸು ಇರಲಿಲ್ಲ ಕಾಣ್ತೈತಿ. ಸಂಡೂರಿನ ಒಂದು ಬ್ಯಾಂಕಿನ ಬಾಗಲಾಗ ಗನ್‌ಮ್ಯಾನ್ ಕೆಲಸ ಸಿಕ್ತು. ಕೆಲಸ ಕೊಡಿಸಿದ ಸೆಕ್ಯುರಿಟಿ ಏಜೆನ್ಸಿಯವ ಕೇಳಿದ್ದು ಎರಡ ಮಾತು: ಸ್ವಂತ ಬಂದೂಕು ಐತೇನು, ಲೈಸೆನ್ಸ್ ಐತೇನು. ಅವನಿಗೆ ಬೇಕಾಗಿದ್ದು ಲೈಸೆನ್ಸಿದ್ದ ಬಂದೂಕು. ಅದನ್ನ ಹೊತ್ಕೊಂಡು ನಿಂದ್ರಾಕ ಒಬ್ಬ ಮನುಷ್ಯ ಜೋಡಿಗೆ ಬರ್ತಾನ, ಅಷ್ಟ.

ಹಂಗಾಗಿ ನಮ್ಮವರು ಡಬಲ್ ಬ್ಯಾರಲ್ ಬಂದೂಕು ತಗೊಂಡ್ರು. ಮುಂಜಾನೆ ಹೆಗಲಿಗೆ ಹಾಕ್ಕೊಂಡು ಸಂಡೂರು ಬಸ್ ಹತ್ತೋರು, ಸಂಜಿಗೆ ಹಂಗ ಬರೋರು. ಉಳಿದ ಹೊತ್ತೆಲ್ಲಾ ಅದು ನಮ್ಮ ಜೋಡಿ ಮನ್ಯಾಗ ಇರ್ತಿತ್ತು. ಆಯುಧ ಪೂಜಿಗೆ ಅತ್ತಿ ಬಂದು ಅದಕ್ಕ ವಿಭೂತಿ ಹಚ್ಚಿ, ಚೆಂಡು ಹೂವಿನ ಮಾಲಿ ಹಾಕಿ, ಕರ್ಪೂರ ಬೆಳಗಿದ್ರು. ಮೈದುನ ಫೋಟೊ ಹೊಡದು ಸ್ಟೇಟಸ್ಸಿಗೆ ಹಾಕಿದ. ನಾನೂ ಕೈ ಮುಗಿದೆ. ಏನ್ ಮಾಡ್ಲಿ, ಮನಿ ನಡೀತಿದ್ದದ್ದು ಅದರಿಂದ.

ಆದ್ರ ಮನ್ಯಾಗ ನಾವು ಜೀವ ಹಿಡ್ಕೊಂಡು ಇರ್ತಿದ್ವಿ. ಅವರು ಮಲಗಿದ್ರ ಹಲ್ಲು ಕಡಿಯೋರು, ಎದ್ದು ಚಿಲಕ ಹಾಕೈತೇನಂತ ನೋಡೋರು, ಮತ್ತ ನೋಡೋರು. ಊಟಕ್ಕ ಕುಂತ್ರ ಗ್ವಾಡಿಗೆ ಬೆನ್ನು ಹಚ್ಚಿ ಕುಂದ್ರಬೇಕು, ಎದುರಿಗೆ ಬಾಗಲು ಕಾಣಬೇಕು. ಮಗಳು ಒಮ್ಮೆ ತಾಟು ಕೆಡವಿದ್ಲು ನೋಡ್ರಿ, ಧಡಕ್ಕನೆ ಎದ್ದು ನಿಂತು ಅದೆಂಥಾ ಬೈಗುಳ ಬೈದ್ರಂದ್ರ ಹುಡುಗಿ ಓಡಿ ಬಂದು ನನ್ನ ಸೆರಗಿನಾಗ ಅಡಗಿದ್ಲು. ಆಮ್ಯಾಲೆ ತಾವೇ ನಾಚಿಕೊಂಡು ಹೊರಗ ಹೋಗಿ ಕತ್ತಲಾಗೋತನಕ ಕಾಲುವಿ ದಂಡಿಗೆ ತಿರುಗಾಡಿ ಬಂದ್ರು. ಅಪ್ಪನ ಚಪ್ಪಲಿ ಸಪ್ಪಳ ಕೇಳಿದ ಕೂಡ್ಲೇ ಟಿ.ವಿ. ಬಂದ್ ಮಾಡಿ ಪುಸ್ತಕ ಹಿಡಿಯೋದನ್ನ ಆಕಿ ಕಲಿತ್ಲು. ಓಣಿ ಹೆಂಗಸರು, "ನಿಮ್ಮ ಮನಿ ಶಿಸ್ತು ಭಾಳ ಚಲೋ ಐತಿ ಬಿಡ್ರಿ, ಮಿಲಿಟ್ರಿ ಅಂದ್ರ ಮಿಲಿಟ್ರಿ" ಅನ್ನೋರು. ಶಿಸ್ತಂತ, ಶಿಸ್ತು! ಹೆದರಿಕಿ ಅದು.

ಒಂದಿನ ಮುಂಜಾನೆ ಮೈದುನ ಊರಿಂದ ಬದನಿಕಾಯಿ, ಹಸಿಮೆಣಸಿನಕಾಯಿ ಚೀಲ ಹೊತ್ಕೊಂಡು ಬಂದ. ಮುಂದಿನ ಬಾಗಲು ಬಡಿದಾನ, ನಾ ಬಚ್ಚಲದಾಗಿದ್ದೆ, ಅವರು ಆಗಷ್ಟ ನಿದ್ದಿಗೆ ಜಾರಿದ್ರು, ಇಬ್ಬರಿಗೂ ಕೇಳ್ಸಿಲ್ಲ. ತಡಕೊಳ್ಳಾಕಾಗದ ಹಿತ್ತಲ ಗ್ವಾಡಿ ಜಿಗಿದು ಒಳಗ ಬಂದಾನ. ನಾ ಹೊರಗ ಬಂದಾಗ ಬದನಿಕಾಯಿ ನೆಲದ ತುಂಬ ಉಳ್ಳಾಡ್ತಿದ್ವು. ಮೈದುನ ಎರಡೂ ಕೈ ಎತ್ತಿ ನಿಂತಿದ್ದ. ನನ್ನ ಗಂಡ ತಮ್ಮನ ಎದಿಗೆ ಬಂದೂಕು ಹಚ್ಚಿದ್ರು. ಕಣ್ಣಾಗ ತಮ್ಮ ಅನ್ನೋ ಗುರುತ ಇರಲಿಲ್ಲ.

"ರೀ, ನಿಮ್ಮ ತಮ್ಮ ಅದು!" ಅಂತ ಚೀರಿದೆ. ಸ್ವಲ್ಪ ಹೊತ್ತಿನ ಮ್ಯಾಲೆ ಬಂದೂಕು ಕೆಳಗಿಳಿಸಿದ್ರು. ಜಳಕ ಮಾಡಿ, ಯೂನಿಫಾರಂ ಹಾಕ್ಕೊಂಡು ಡ್ಯೂಟಿಗೆ ಹೋದ್ರು. ಈ ಮೈದುನ ಅನ್ನೋ ಮಹಾರಾಯ ಊರಿಗೆ ಹೋಗಿ ಏನ್ ಹೇಳಿದ ಗೊತ್ತೇನು? "ನಮ್ಮಣ್ಣನ ರಿಫ್ಲೆಕ್ಸ್ ಅಂದ್ರ ಮಸ್ತ್! ಕಣ್ಣು ಮುಚ್ಚಿ ತೆಗಿಯೋದ್ರಾಗ ಗನ್ ಎದಿ ಮ್ಯಾಲೆ!" ಅಂತ. ಕಟ್ಟಿ ಮ್ಯಾಲೆ ಕುಂತವರೆಲ್ಲಾ ಚಪ್ಪಾಳಿ ಹೊಡದ್ರಂತ. ಆತನ ಕಪಾಳಕ್ಕ ಎರಡು ಬಿಡಬೇಕು ಅನ್ನಿಸಿತ್ತು ನನಗ.

ಆ ಸಂಜಿ ನಾ ಚಾ ಕೊಟ್ಟು ಮೆಲ್ಲಕ ಅಂದೆ, "ಹೊಸಪೇಟ್ಯಾಗ ಮನಸ್ಸಿನ ಡಾಕ್ಟ್ರು ಅದಾರಂತ. ಒಮ್ಮೆ ತೋರಿಸ್ಕೊಂಡು ಬರೋಣ ಬರ್ರಿ."

"ನನಗ ಹುಚ್ಚು ಹಿಡದೈತೇನ್ಲೇ?" ಅಂದ್ರು. ಸಿಟ್ಟಿನಾಗಲ್ಲ, ದಣಿದು ಅಂದ್ರು. ಆಮ್ಯಾಲೆ ತಿಳಿಸಿ ಹೇಳಿದ್ರು. ಲೈಸೆನ್ಸ್ ಮುಂದುವರಿಸೋ ಮುಂದ ಡಾಕ್ಟರ್ ಸರ್ಟಿಫಿಕೇಟ್ ಬೇಕು, ದೇಹ ಗಟ್ಟಿ ಐತಿ, ತಲಿ ಸರಿ ಐತಿ ಅಂತ. "ಈಗ ಅಲ್ಲಿ ಹೋಗಿ ಹೆಸರು ಬರಿಸಿದ್ರ ಲೈಸೆನ್ಸ್ ಹೋತು. ಲೈಸೆನ್ಸ್ ಹೋದ್ರ ನೌಕ್ರಿ ಹೋತು. ಮುಂದ ಏನ್ ಮಾಡ್ಲಿ, ಶಾಲು ಮಾರ್ಲೇನು?"

ನಗಬೇಕೋ ಅಳಬೇಕೋ ತಿಳೀಲಿಲ್ಲ. ಆರಾಮಿಲ್ಲ ಅಂತ ಬಾಯಿ ಬಿಟ್ರ ಅನ್ನ ಹೋಗ್ತೈತಿ, ಸುಮ್ಮನಿದ್ರ ಬಂದೂಕು ಕೈಯಾಗ ಇರ್ತೈತಿ. ಈ ಕಾನೂನು ಯಾವ ಶಾಣ್ಯಾ ಕುಂತು ಬರದನೋ! ನಮ್ಮ ಅತ್ತಿಯವರಿಗೆ ಹೇಳಿದ್ರ, ಹಂಪಿಗೆ ಹೋಗಿ ವಿರೂಪಾಕ್ಷಗ ಕಾಯಿ ಒಡಿಸ್ಕೊಂಡು ಬರ್ರಿ, ಯಾರದೋ ಕಣ್ಣು ಬಿದ್ದೈತಿ ಅಂದ್ರು. ಅದನ್ನೂ ಮಾಡಿದ್ವಿ. ಅಮವಾಸಿ ಗದ್ದಲದಾಗ ಅವರು ಒಂದು ಕಂಬಕ್ಕ ಬೆನ್ನು ಹಚ್ಚಿ ನಿಂತು ಬಂದವರ ಕೈಯಾಗ ಏನೈತಿ ಅಂತ ನೋಡ್ತಿದ್ರು. ದೇವರ ಕಡೆ ಮುಖ ಮಾಡ್ಲಿಲ್ಲ.

ಅಷ್ಟರಾಗ ಎಲೆಕ್ಷನ್ ಬಂತು. ಎಲೆಕ್ಷನ್ ಅಂದ್ರ ಲೈಸೆನ್ಸಿದ್ದವರೆಲ್ಲಾ ಬಂದೂಕು ಠಾಣೆಗೆ ಒಪ್ಪಿಸ್ಬೇಕು, ರಿಸಲ್ಟ್ ಆದ ಮ್ಯಾಲೆ ವಾಪಸ್ ತರಬೇಕು. ಬ್ಯಾಂಕು ಕಾಯೋರಿಗೆ ವಿನಾಯ್ತಿ ಸಿಗ್ತೈತಿ, ಆದ್ರ ಏಜೆನ್ಸಿಯವರು ಮೊದ್ಲ ಅರ್ಜಿ ಹಾಕಿರ್ಬೇಕು. ನಮ್ಮ ಏಜೆನ್ಸಿಯವ ಮರ್ತುಬಿಟ್ಟಿದ್ದ. ನಮ್ಮವರು ಫೋನಿನಾಗ ಅವನ ಜನ್ಮ ಜಾಲಾಡಿದ್ರು. ನಾ ಅಡಿಗಿಮನ್ಯಾಗ ನಿಂತು ಅವನ ಹೊಟ್ಟಿ ತಣ್ಣಗಿರ್ಲಿ ಅಂದೆ.

ಬಂದೂಕು ಠಾಣೆಗೆ ಹೋತು. ಅವರು ಬ್ಯಾಂಕಿನ ಮುಂದ ಲಾಠಿ ಹಿಡ್ಕೊಂಡು ನಿಂತ್ರು. ಯಶವಂತನಗರದ ಕಡಿಂದ ಬರೋ ಲಾರಿ ಡ್ರೈವರುಗಳು, "ಏನ್ ಮಿಲಿಟ್ರಿ, ಪ್ರಮೋಷನ್ ಆತೇನು, ಕೈಯಾಗ ಬಡಿಗಿ ಬಂತು?" ಅಂತ ಚಾಷ್ಟಿ ಮಾಡೋರಂತ. ನಾನಂತೂ ಆ ದಿನಗಳಾಗ ಕಣ್ತುಂಬ ಮಲಗಿದೆ. ಅವರು ಮಾತ್ರ ಸುಧಾರಿಸಲಿಲ್ಲ. ಡ್ಯೂಟಿ ಮುಗಿಸಿ ಬಂದು ಹಿತ್ತಲದಾಗ ಕುಂತ್ರಂದ್ರ ಕುಂತ್ರು, ಮಗಳು ಕರದ್ರೂ ಓ ಅಂತಿರಲಿಲ್ಲ. ಅದನ್ನ ನೋಡಿ ನೋಡಿ, ಆ ಬಂದೂಕು ತಿರುಗಿ ನನ್ನ ಹೊಸ್ತಿಲು ದಾಟಬಾರ್ದು ಅಂತ ನಾ ಗಟ್ಟಿ ಮನಸ್ಸು ಮಾಡಿದೆ.

ರಿಸಲ್ಟ್ ಆತು. ಬಂದೂಕು ತರಾಕ ಹೊಂಟ್ರು. ಸಂತಿ ಮಾಡೋದೈತಿ ಅಂತ ಸುಳ್ಳು ಹೇಳಿ ನಾನೂ ಬೈಕಿನ ಹಿಂದ ಕುಂತೆ. ಠಾಣೆಯಾಗ ರೈಟರು ಬಂದೂಕು ತಂದು ಟೇಬಲ್ ಮ್ಯಾಲಿಟ್ರು. ನಮ್ಮವರು ಕೈ ಚಾಚಿದ್ರು.

"ಕೊಡಬ್ಯಾಡ್ರಿ ಸಾಹೇಬ್ರ," ಅಂದೆ. "ಇವರಿಗೆ ಆರಾಮಿಲ್ಲ. ಸ್ವಂತ ತಮ್ಮನ ಎದಿಗೆ ಹಚ್ಚಿದ್ರು. ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಬೆಂಚಿನ ಮ್ಯಾಲಿದ್ದವರು ಕತ್ತು ಹೊಳ್ಳಿಸಿ ನೋಡಿದ್ರು. ರೈಟರು ನನ್ನನ್ನೂ ಅವರನ್ನೂ ನೋಡಿ, "ಅಮ್ಮಾ, ಗಂಡ ಹೆಂಡತಿ ಜಗಳ ಇದ್ರ ಮನ್ಯಾಗ ಮುಗಿಸ್ಕೊರಿ. ನೀವು ಇದನ್ನ ಬರದು ಕೊಟ್ರ ಇವರ ಹೊಟ್ಟಿ ಮ್ಯಾಲೆ ಹೊಡದಂಗ ಆಗ್ತೈತಿ, ತಿಳೀತೇನು?" ಅಂದ್ರು. ಕೆಟ್ಟ ಮನುಷ್ಯ ಅಲ್ಲ ಅವ. ತಿಳೀತ್ರಿ, ಹಾಳಿ ಕೊಡ್ರಿ ಅಂದೆ. ನಾ ಬರಿಯೋತನಕ ನನ್ನ ಗಂಡ ಅಟೆನ್ಷನ್ನಿನಾಗ ನಿಂತಿದ್ರು. ಎದಿ ಮುಂದ, ಕೈ ತೊಡಿಗೆ, ಕಣ್ಣು ಎದುರಿನ ಗ್ವಾಡಿ ಮ್ಯಾಲೆ. ಬೈದಿದ್ರ, ಹೊಡದಿದ್ರ ತಡ್ಕೊಂತಿದ್ದೆ. ಆ ನಿಂತಿದ್ದನ್ನ ನೋಡಾಕ ಆಗ್ಲಿಲ್ಲ, ತಲಿ ಬಗ್ಗಿಸಿ ಸಹಿ ಮಾಡಿದೆ.

ಹೊರಗ ಬಂದು ನೋಡಿದ್ರ ಬೈಕು ಇರಲಿಲ್ಲ. ಡ್ಯಾಂ ಬಸ್ಸು ಹತ್ತಿ ಮನಿಗೆ ಬಂದೆ.

ನೌಕ್ರಿ ಹೋತು. "ಗನ್ ಇಲ್ಲಂದ ಮ್ಯಾಲೆ ಹೆಂಗ್ರಿ" ಅಂದು ಏಜೆನ್ಸಿಯವ ಫೋನ್ ಇಟ್ಟ. ಬ್ಯಾಂಕಿನವರು ಆ ಜಾಗಾಕ್ಕ ಇನ್ನೊಂದು ಬಂದೂಕು ಹುಡುಕಿದ್ರು. ಅತ್ತಿ ಮೊದಲನೇ ಬಸ್ಸಿಗೆ ಬಂದು ಎದಿ ಎದಿ ಬಡ್ಕೊಂಡ್ರು, "ಗಡಿ ಕಾದು ಬಂದವನ್ನ ಹುಚ್ಚ ಅಂತ ಬರದು ಕೊಟ್ಟ್ಯಲ್ಲೇ, ನಿನ್ನ ಕೈ ಸೇದಿ ಹೋಗ್ಲಿ!" ಅಂತ. ಮೈದುನ ಮುಖ ಕೊಟ್ಟು ಮಾತಾಡೋದ ಬಿಟ್ಟ. ಶಾಲು ಹೊದಿಸ್ತಿದ್ದ ಮಂದಿ ದಾರ್ಯಾಗ ಕಂಡ್ರ ಕಣ್ಣು ತಪ್ಪಿಸ್ತಿದ್ರು, ಆ ಸಲ ಆಗಸ್ಟ್ ಹದಿನೈದಕ್ಕ ಯಾರೂ ಕರಿಲಿಲ್ಲ. ಇಷ್ಟು ಜಲ್ದಿ ಮರೀತಾರೇನ್ರಿ ಮನುಷ್ಯರು? ನಾ ಮನ್ಯಾಗ ಕುಂತು ಅಂಗಿ, ಲಂಗ ಹೊಲ್ಯಾಕ ಹಿಡಿದೆ.

ನನ್ನ ಗಂಡ ನನ್ನ ಜೋಡಿ ಮಾತು ಬಿಟ್ರು. ಏನಿದ್ರೂ ಮಗಳ ಕೈಲೆ. "ಅವ್ವಗ ಹೇಳು, ಚಾ ಬ್ಯಾಡಂತ." "ಅವ್ವಗ ಹೇಳು, ಗ್ಯಾಸ್ ಮುಗದೈತಂತ." ನಾ ಎದುರಿಗೇ ನಿಂತಿರ್ತಿದ್ದೆ. ಸಿಟ್ಟು ನೆತ್ತಿಗೇರೋದು, ಆದ್ರ ನುಂಗ್ಕೊಂತಿದ್ದೆ. ಒಂದಿನ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬಂದು ಮಗಳಿಗೆ, "ಅವ್ವಗ ಕೇಳು, ಆ ಡಾಕ್ಟ್ರು ಎಲ್ಲಿ ಕುಂದ್ರತಾರಂತ" ಅಂದ್ರು. ಉಳಿಸ್ಕೊಳ್ಳಾಕ ಲೈಸೆನ್ಸ್ ಇಲ್ಲ, ನೌಕ್ರಿ ಇಲ್ಲ. ಇನ್ಯಾತಕ್ಕ ಹೆದರಬೇಕು? ಎಲ್ಲಾ ಹೋದ ಮ್ಯಾಲೆ ದವಾಖಾನಿಗೆ ಹೋಗೋ ಧೈರ್ಯ ಬಂತು ನನ್ನ ಗಂಡಗ. ಹೆಂಗ ಐತಿ ನೋಡ್ರಿ ನಮ್ಮ ಬಾಳೇವು.

ಡಾಕ್ಟರ್ ಹೆಣ್ಣುಮಗಳು, ವಯಸ್ಸಿನಾಗ ನಮಗಿಂತ ಸಣ್ಣಾಕಿ. ಕುಂದ್ರಿ ಅಂದ್ಲು, ಗಡಿಬಿಡಿ ಮಾಡ್ಲಿಲ್ಲ. ನಿದ್ದಿ ಕೇಳಿದ್ಲು, ಊಟ ಕೇಳಿದ್ಲು, ಅಲ್ಲಿ ಗಡಿಯಾಗ ಏನಾಗಿತ್ತು ಅಂತ ಕೇಳಿದ್ಲು. ಅದಕ್ಕ ಮಾತ್ರ ಅವರು ಬ್ಯಾಡ ಅಂತ ತಲಿ ಅಲ್ಲಾಡಿಸಿದ್ರು. ಅಲ್ಲೇನಾತು ಅನ್ನೋದು ನನಗ ಇವತ್ತಿಗೂ ಗೊತ್ತಿಲ್ಲ. ಕಡೀಕ ಆಕಿ, "ಜೀವ ಬ್ಯಾಡ ಅನ್ನಿಸಿದ್ದು ಐತೇನ್ರಿ?" ಅಂದ್ಲು.

"ದಿನಾ ಅನ್ನಿಸ್ತಿತ್ರಿ," ಅಂದ್ರು. ಬಸ್ಸಿನ ಟೈಮು ಹೇಳಿದಂಗ ಹೇಳಿದ್ರು. "ಮಾಡ್ಕೊಳ್ಳೋದು ಅಂತ ತೀರ್ಮಾನ ಮಾಡಿದ್ದೆ. ಹೆಂಡ್ತಿ ಮಗಳು ಆಕಿ ತವರಿಗೆ, ಕಂಪ್ಲಿಗೆ ಹೋಗೋದು ಕಾಯ್ತಿದ್ದೆ."

"ಮತ್ತ ಯಾಕ ಮಾಡ್ಕೊಳ್ಳಿಲ್ಲ?"

"ಎಲೆಕ್ಷನ್ ಬಂತ್ರಿ. ಬಂದೂಕು ಠಾಣೆಗೆ ಕೊಟ್ಟೆ."

ನಾ ಹೆದರಿದ್ದು ಮೈದುನನ ಜೀವಕ್ಕ, ಮಗಳ ಜೀವಕ್ಕ, ನನ್ನ ಜೀವಕ್ಕ. ಅವರ ಜೀವಕ್ಕಂತ ಒಂದಿನಾನೂ ಹೆದರಿರಲಿಲ್ಲ. ನನ್ನ ಗಂಡನ್ನ ಉಳಿಸಿದ್ದು ನಾ ಅಲ್ಲ, ಊರಲ್ಲ, ದೇಶ ದೇಶ ಅಂತ ಒದರೋ ಮಂದಿ ಮೊದ್ಲೇ ಅಲ್ಲ. ಅರ್ಜಿ ಹಾಕೋದು ಮರ್ತ ಆ ಏಜೆನ್ಸಿಯವ ಉಳಿಸಿದ್ದ.

ಡಾಕ್ಟರು ಮಾತ್ರಿ ಬರದು, ತಪ್ಪದ ಬರ್ರಿ ಅಂದ್ಲು. ಕೆಳಗಿನ ಮೆಡಿಕಲ್ ಶಾಪಿನಾಗ ಅವರೇ ನಿಂತು ಮಾತ್ರಿ ತಗೊಂಡ್ರು. ಮಗಳು ಶಾಲ್ಯಾಗ ಇದ್ಲು, ಮಾತು ಮುಟ್ಟಿಸೋರು ಯಾರೂ ಇರಲಿಲ್ಲ. ರೋಡಿನ ದಂಡಿಗೆ ಬಂದು ನಿಂತ್ರು, ಪೊಟ್ಟಣ ನನ್ನ ಕೈಯಾಗ ಇಟ್ರು.

"ಇದನ್ನ ನೀ ಇಟ್ಕೋ," ಅಂದ್ರು. "ದಿನದ್ದು ದಿನಾ ಎಣಿಸಿ ಕೊಡು. ಪೂರಾ ನನ್ನ ಕೈಯಾಗ ಕೊಡಬ್ಯಾಡ. ನಾ ಬೈದ್ರೂ ಕೊಡಬ್ಯಾಡ."