ಮಡಚಿದ ಮೂಲೆಗಳು ಮತ್ತು ಒಬ್ಬ ಉಗ್ರಾಣಿ

ಪುಸ್ತಕದ ಪುಟದ ಮೂಲೆ ಮಡಚಿಕೊಂಡಿರುವುದು ಕಂಡರೆ ನನ್ನ ಬೆರಳು ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಗ್ರಂಥಾಲಯದ ಕಾದಂಬರಿಯಾಗಲಿ, ದಂತವೈದ್ಯರ ಕೋಣೆಯ ಹಳೆಯ ವಾರಪತ್ರಿಕೆಯಾಗಲಿ, ಆ ಮೂಲೆಯನ್ನು ನೆಟ್ಟಗೆ ಮಾಡಿ, ಉಗುರಿನಿಂದ ಒಮ್ಮೆ ತೀಡಿ, ಲೋಕಕ್ಕೊಂದು ಸಣ್ಣ ಉಪಕಾರ ಮಾಡಿದ ಸಮಾಧಾನದಿಂದ ಪಕ್ಕಕ್ಕಿಡುತ್ತೇನೆ. ಹಾಗೆ ಮಡಚಿಟ್ಟವರು ಓದುತ್ತಿದ್ದ ಜಾಗ ಕಳೆದುಕೊಂಡು ನನಗೆ ಶಾಪ ಹಾಕಿರಬಹುದೆಂಬುದು ಬಹಳ ಕಾಲ ಹೊಳೆದಿರಲಿಲ್ಲ. ಅಚ್ಚುಕಟ್ಟಿನ ಜನರ ದೊಡ್ಡ ದೋಷವೇ ಇದು: ಅರ್ಥವಾಗದ ಸುಕ್ಕೆಲ್ಲ ನಮಗೆ ಕೊಳೆಯಂತೆ ಕಾಣುತ್ತದೆ.

ಪುಣೆಯಲ್ಲಿ ನಮ್ಮ ಕಡೆಯವರದೊಂದು ಸಣ್ಣ ಸಂಘವಿದೆ. ವಿಜಯಪುರ, ಬಾಗಲಕೋಟೆಗಳಿಂದ ಗುಮಾಸ್ತಿಕೆಗೋ ವ್ಯಾಪಾರಕ್ಕೋ ಬಂದವರ ಮೊಮ್ಮಕ್ಕಳು ನಾವು. ದಿನವಿಡೀ ಮರಾಠಿ ಮಾತಾಡಿ, ಸಂಜೆ ಮನೆಗೆ ಬರುವಾಗ ಅದರಲ್ಲಿ ಅರ್ಧವನ್ನಷ್ಟೇ ಬಾಗಿಲಲ್ಲಿ ಬಿಟ್ಟು ಒಳಗೆ ಬರುತ್ತೇವೆ. ಸಂಘವೆಂದರೆ ವರ್ಷಕ್ಕೊಂದು ಊಟ ಮತ್ತು ವಧೂವರರ ವಿವರ ಬರೆದಿಡುವ ವಹಿ. ಈ ವಹಿಯನ್ನು ನೋಡಿಕೊಳ್ಳುತ್ತಿದ್ದವರು ಅನಂತ ಕಾಕಾ, ನಿವೃತ್ತ ಗುಮಾಸ್ತರು. ಭಾನುವಾರ ಬೆಳಿಗ್ಗೆ ಸಂಘದ ಕೋಣೆಯಲ್ಲಿ ಕೂತು, ಬಂದವರ ಮಾತನ್ನು ಪೂರ್ತಿ ಕೇಳಿ, ಒಳಕೋಣೆಗೆ ಹೋಗಿ, ಸ್ವಲ್ಪ ಹೊತ್ತಿಗೆ ಮೂರೋ ನಾಲ್ಕೋ ವಿಳಾಸ ಬರೆದ ಚೀಟಿ ಹಿಡಿದು ಹೊರಬರುತ್ತಿದ್ದರು. ವಹಿಯನ್ನು ಮಾತ್ರ ಯಾರ ಕೈಗೂ ಕೊಟ್ಟವರಲ್ಲ. ಕೇಳಿದರೆ, "ಹುಡುಗಿ ಬೇಕೋ, ವಹಿ ಬೇಕೋ?" ಎನ್ನುತ್ತಿದ್ದರು.

ಕಾಕಾರ ಕಣ್ಣಿಗೆ ಪೊರೆ ಬಂದಾಗ, ವೆಬ್‌ಸೈಟು ಬರೆಯುವುದೇ ಹೊಟ್ಟೆಪಾಡಾದ ನನ್ನನ್ನು ಸಂಘದವರು ಹಿಡಿದು, ವಹಿಯನ್ನು ವೆಬ್‌ಸೈಟಿಗೆ ಏರಿಸಿಕೊಡಲು ಹೇಳಿದರು. ಎರಡು ದಪ್ಪ ವಹಿಗಳನ್ನು ಮನೆಗೆ ತಂದು, ಪ್ರತಿ ಪುಟದ ಫೋಟೋ ತೆಗೆದು, ವಿವರಗಳನ್ನೆಲ್ಲ ಡೇಟಾಬೇಸಿಗೆ ತುಂಬಿದೆ. ಅನೇಕ ಪುಟಗಳ ಮೂಲೆ ಮಡಚಿತ್ತು. ಫೋಟೋದಲ್ಲಿ ನೆರಳು ಬೀಳುತ್ತದೆಂದು ಒಂದೊಂದನ್ನೂ ಬಿಡಿಸಿ, ಮೇಲೆ ನಿಘಂಟು ಹೇರಿ, ಇಡೀ ದಿನ ಒತ್ತಿಟ್ಟೆ. ಇಷ್ಟು ಶ್ರದ್ಧೆಯಿಂದ ತಪ್ಪು ಮಾಡಿದವರು ವಿರಳವೆಂದು ಈಗ ಅನಿಸುತ್ತದೆ.

ಇನ್ನೊಂದು ತಪ್ಪು ನನ್ನ ಕಸುಬಿನದು. ಡೇಟಾಬೇಸನ್ನು ಮದುವೆ ಮನೆಯ ಉಗ್ರಾಣವೆಂದು ಭಾವಿಸಿ. ವೆಬ್‌ಸೈಟಿನ ಪ್ರತಿಯೊಂದು ಪುಟವೂ ಅಲ್ಲಿಂದ ಏನನ್ನಾದರೂ ತರಬೇಕು: ಹುಡುಕುವ ಪುಟಕ್ಕೆ ಕೆಲವು ಹೆಸರು, ಹೊಸದಾಗಿ ಸೇರಿದವರ ಪಟ್ಟಿಗೆ ಕೆಲವು, ವಾರಕ್ಕೊಮ್ಮೆ ತಾನೇ ಹೋಗುವ ಇಮೇಲಿಗೆ ಇನ್ನು ಕೆಲವು. ಸರಿಯಾದ ಕ್ರಮವೆಂದರೆ ನಡುವೆ ಒಬ್ಬ ಉಗ್ರಾಣಿಯನ್ನು, ಅಂದರೆ ಅದೊಂದೇ ಕೆಲಸಕ್ಕೆಂದು ಬರೆದ, ಆಬ್ಜೆಕ್ಟ್ ಎಂಬ ಕೋಡಿನ ತುಣುಕನ್ನು, ನಿಲ್ಲಿಸುವುದು. ಬೀಗದ ಕೈ ಅವನೊಬ್ಬನ ಸೊಂಟದಲ್ಲಿ. ಅಡಿಗೆಯವರು ಬಾಗಿಲಲ್ಲಿ ನಿಂತು "ಬೆಲ್ಲ" ಎಂದರೆ ಸಾಕು, ಅದು ಯಾವ ಡಬ್ಬಿಯಲ್ಲಿದೆ ಎಂಬುದು ಅವನ ಚಿಂತೆ. ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಈ ವಿನ್ಯಾಸದ ಬಗ್ಗೆ ಚಿತ್ರಸಹಿತ ಎರಡು ಪುಟ ಬರೆದು ಒಳ್ಳೆಯ ಅಂಕ ಪಡೆದವಳು ನಾನು. ಆದರೆ ಸಂಘದ ಊಟದ ದಿನದೊಳಗೆ ಸೈಟು ಮುಗಿಯಬೇಕಿತ್ತು. ಸೈಟಿನ ಪ್ರತಿ ಪುಟವನ್ನೂ ನೇರವಾಗಿ ಉಗ್ರಾಣಕ್ಕೆ ನುಗ್ಗಲು ಬಿಟ್ಟೆ. ಹನ್ನೊಂದು ಪುಟ, ಹನ್ನೊಂದು ಬಾಗಿಲು.

ಸೈಟು ತೆರೆದ ಎರಡನೆಯ ವಾರ ನನಗೊಂದು ಫೋನು ಬಂತು.

"ನೀವs ಏನ್ರಿ ಆ ವೆಬ್‌ಸೈಟ್ ಮಾಡಿದವ್ರು? ನಾ ಶೈಲಾ, ದೌಂಡದಿಂದ ಮಾತಾಡಾಕತ್ತೀನಿ. ಸ್ಟೇಷನ್ನಿನ ಟಿಕೆಟ್ ಕೌಂಟರಿನಾಗ ಕೂಡಾಕಿ. ನಿನ್ನೆ ಒಬ್ಬಾಕಿ ಅತ್ತಿ, ಒಬ್ಬ ಮಾವ, ಮಗಾ, ಮೂರೂ ಮಂದಿ ಸರದಿಯೊಳಗ ನಿಂತು ನನ್ನ ಮಾರಿ ನೋಡಿ ಹ್ವಾದ್ರು. ಸೊಲ್ಲಾಪುರಕ್ಕ ಹೋಗೂದಿಲ್ಲದ ಮಂದಿಗೆ ಸೊಲ್ಲಾಪುರದ ಟಿಕೆಟ್ ಕೊಡಾಕತ್ತೀನ್ರಿ ನಾ!"

ನನಗೆ ನಗು ಬಂತು, ಅದೇ ಕ್ಷಣ ಅವಳು ನಗುತ್ತಿಲ್ಲವೆಂದೂ ತಿಳಿಯಿತು. ಪಕ್ಕದ ಕೌಂಟರಿನವರೆಲ್ಲ ಈಗ ಅವಳನ್ನು "ನವರಿ", ಮದುವಣಗಿತ್ತಿ, ಎಂದೇ ಕರೆಯುತ್ತಿದ್ದರಂತೆ. ತನ್ನ ಹೆಸರು ಯಾರಿಗೂ ಕಾಣಿಸಬಾರದೆಂದು ಕಾಕಾರಿಗೆ ಎಷ್ಟೋ ವರ್ಷದ ಹಿಂದೆಯೇ ಹೇಳಿದ್ದೇನೆ ಎಂದಳು.

ಭಾನುವಾರ ಕಾಕಾರ ಬಳಿ ಹೋದೆ. ಶೈಲಾಳ ಹೆಸರು ಕೇಳುತ್ತಲೇ ಅವರು, "ಆಕೀ ಪುಟದ ಮೂಲಿ ಮಡಚಿದ್ನಲ್ಲವಾ ತಂಗಿ," ಎಂದರು.

"ಮೂಲಿ ಎಲ್ಲಾ ನಾ ನೆಟ್ಟಗ ಮಾಡಿದೆ, ಕಾಕಾ."

"ಎಲ್ಲಾ?"

"ಎಲ್ಲಾ."

"ಶ್ಯಾಣ್ಯಾಕಿ ಇದ್ದಿ ಬಿಡು," ಎಂದು ಅವರು ಕನ್ನಡಕ ತೆಗೆದು ಒರೆಸತೊಡಗಿದರು.

ಆಗ ತಿಳಿಯಿತು: ಮೂಲೆ ಮಡಚಿದ ಪುಟವೆಂದರೆ ತೋರಿಸಬಾರದ ಪುಟ. ಒಬ್ಬಳ ಪರೀಕ್ಷೆ ಮುಗಿದಿಲ್ಲ, ಒಬ್ಬನ ತಂದೆಗೆ ಕಾಯಿಲೆ, ಇನ್ನೊಬ್ಬರದು ಎಲ್ಲೋ ಮಾತುಕತೆ ನಡೆದಿದೆ. ಶೈಲಾಳ ಹೆಸರನ್ನು ಅವಳ ತಾಯಿ ಬರೆಸಿದ್ದರು. ಮಗಳು ಮರುವಾರವೇ ಒಬ್ಬಳೇ ಬಂದು ಮೂರು ಮಾತು ಹೇಳಿದ್ದಳಂತೆ: ನನಗೆ ಮದುವೆ ಬೇಡ, ಹೆಸರು ತೆಗೆಯಬೇಡಿ, ಅವ್ವನಿಗೆ ಹೇಳಬೇಡಿ. ಮೂರನ್ನೂ ಕಾಕಾ ಒಂದೇ ಮಡಿಕೆಯಲ್ಲಿ ನಡೆಸಿಕೊಟ್ಟಿದ್ದರು. ಪ್ರತಿ ದೀಪಾವಳಿಗೆ ತಾಯಿ ಫೋನು ಮಾಡಿ "ಹೆಸರು ಅದ ಅಲ್ರಿ?" ಎಂದು ಕೇಳುವುದು, ಇವರು "ಅದ್ರಿ ಅವ್ವಾರ" ಎನ್ನುವುದು. ಸುಳ್ಳೇನಲ್ಲ. ವಹಿಯಲ್ಲಿದ್ದದ್ದನ್ನೆಲ್ಲ ನಾನು ಒಂದಕ್ಷರ ಬಿಡದೆ ನಕಲು ಮಾಡಿದ್ದೆ. ವಹಿಯನ್ನು ಹಿಡಿದವರ ವಿವೇಕ ಮಾತ್ರ ನನ್ನ ನಿಘಂಟಿನಡಿ ಸಪಾಟಾಗಿತ್ತು.

ವಹಿಗಳನ್ನು ಮತ್ತೆ ತಂದು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಮೂಲೆಗಳ ಮೇಲೆ ಬೆರಳಾಡಿಸಿ ಗೆರೆ ಹುಡುಕಿದೆ. ಕಾಗದ ಮರೆತಿರಲಿಲ್ಲ. ಆ ಹೆಸರುಗಳಿಗೆಲ್ಲ ಡೇಟಾಬೇಸಿನಲ್ಲಿ 'ಗುಪ್ತ' ಎಂದು ಗುರುತು ಹಾಕಿ, ಹುಡುಕುವ ಪುಟಕ್ಕೆ ಆ ಗುರುತು ನೋಡಲು ಕಲಿಸಿ, ಇನ್ನು ತೊಂದರೆಯಿಲ್ಲವೆಂದು ಶೈಲಾಳಿಗೆ ಫೋನಿನಲ್ಲಿ ಮಾತುಕೊಟ್ಟೆ. ಐದನೆಯ ದಿನ ವಾರದ ಇಮೇಲು ತನ್ನ ಬಾಗಿಲಿನಿಂದ ಒಳಹೊಕ್ಕು, ಅವಳ ಹೆಸರನ್ನೆತ್ತಿಕೊಂಡು ಮನೆಮನೆಗೆ ಹಂಚಿಬಂತು. ಉಳಿದ ಹತ್ತು ಬಾಗಿಲುಗಳಿಗೆ ನಾನು ಏನೂ ಹೇಳಿರಲೇ ಇಲ್ಲ.

ಈ ಸಲ ಅವಳು ಬೈಯಲಿಲ್ಲ. "ನಿಮ್ಮಿಂದ ಆಗೂದಿಲ್ಲಂದ್ರ ಹಂಗs ಹೇಳ್ರಿ" ಎಂದು ಫೋನಿಟ್ಟಳು. ನನ್ನ ಹೆಸರು ಎಲ್ಲಿಯೂ ಬಾರದಿರಲೆಂದು ಮನೆಯ ಕರೆಗಂಟೆಯ ಕೆಳಗೆ ಕೂಡ ಬರೆಸದವಳು ನಾನು; ಅವಳ ಹೆಸರನ್ನು ಎರಡು ಸಲ ಊರಿಗೆ ಹಂಚಿದ್ದೆ. ಅವಳ ಆ ಮಾತು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು.

ಮೂರು ದಿನ ರಜೆ ಹಾಕಿ, ಸೈಟನ್ನು ಮುಚ್ಚಿಟ್ಟು, ಪರೀಕ್ಷೆಯಲ್ಲಿ ಬರೆದಿದ್ದ ಉಗ್ರಾಣಿಯನ್ನು ಕೊನೆಗೂ ಕೆಲಸಕ್ಕೆ ಕರೆದೆ. ಹನ್ನೊಂದು ಬಾಗಿಲನ್ನೂ ಕಿತ್ತೆ. ಇನ್ನು ಮೇಲೆ ಯಾವ ಪುಟಕ್ಕೇ ಆಗಲಿ ಹೆಸರು ಬೇಕೆಂದರೆ ಇವನನ್ನು ಕೇಳಬೇಕು. ಇವನೊಬ್ಬನೇ ಒಳಗೆ ಹೋಗಿ, ಗುರುತು ನೋಡಿ, ತರಬೇಕಾದ್ದನ್ನಷ್ಟೇ ತರುತ್ತಾನೆ. ಪುಟಗಳೆಲ್ಲ ಚಿಕ್ಕವಾಗಿ, ಶುದ್ಧವಾಗಿ, ಓದಲು ಹಿತವಾದವು. ಕೋಡು ಸರಳವಾಗುತ್ತದೆಂದು ನಮ್ಮ ಪ್ರಾಧ್ಯಾಪಕರು ಈ ವಿನ್ಯಾಸವನ್ನು ಹೊಗಳುತ್ತಿದ್ದರು. ಅದು ನಿಜ. ಆದರೆ ಉಗ್ರಾಣಿಯ ಹೆಚ್ಚುಗಾರಿಕೆ ತಂದುಕೊಡುವುದರಲ್ಲಿಲ್ಲ, ಯಾವುದನ್ನು ಒಳಗೇ ಬಿಟ್ಟು ಬರಬೇಕೆಂದು ತಿಳಿದಿರುವುದರಲ್ಲಿದೆ. ಇದನ್ನೆಲ್ಲ ಕಾಕಾರಿಗೆ ವಿವರಿಸಿದಾಗ ಅವರು, "ಹಂಗಾದ್ರ ನಿನ್ನ ಕಂಪ್ಯೂಟರಿನಾಗ ನನ್ನ ಒಯ್ದು ಕೂಡಿಸಿದಿ ಅನ್ನು. ಚಾ ಕೊಡ್ತಾರೇನ ಅಲ್ಲೆ?" ಎಂದರು.

ಆ ಶನಿವಾರ ದೌಂಡದ ರೈಲು ಹತ್ತಿದೆ. ಶೈಲಾ ಊಟದ ಬಿಡುವಿನಲ್ಲಿ ಹೊರಗೆ ಬಂದು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಳು. ನನಗಿಂತ ಐದಾರು ವರ್ಷ ದೊಡ್ಡವಳು, ಕಿವಿಯ ಮೇಲೆ ಪೆನ್ನು.

"ಫೋನಿನಾಗ ಹೇಳಿದ್ರ ಆಗ್ತಿತ್ತಲ್ರಿ."

"ಫೋನಿನಾಗ ಹೇಳಿದ್ದು ಒಮ್ಮೆ ಸುಳ್ಳಾತಲ್ರಿ. ಅದಕ್ಕs ಬಂದೆ."

ಅವಳು ತನ್ನ ಫೋನಿನಲ್ಲೇ ಪರೀಕ್ಷಿಸಿದಳು. ಹೆಸರಿನಿಂದ, ಊರಿನಿಂದ, ವಯಸ್ಸಿನಿಂದ, ಹುಟ್ಟಿದ ನಕ್ಷತ್ರದಿಂದ. ಎಲ್ಲಿಯೂ ಇಲ್ಲ.

"ಹಂಗಾದ್ರ ನಾ ಅದರಾಗ ಇಲ್ಲs ಇಲ್ಲ?"

"ಇದ್ದೀರಿ. ಯಾರಿಗೂ ಕಾಣ್ಸೂದಿಲ್ಲ."

ಅವಳು ಫೋನನ್ನು ಕೈಯಲ್ಲಿ ತಿರುವಿದಳು. "ಅವ್ವ ಈ ದೀಪಾವಳಿಗೆ ಯಾರಿಗೆ ಫೋನ್ ಮಾಡ್ತಾಳ್ರಿ? ಕಾಕಾ ವಹಿ ನೋಡೂದು ಬಿಟ್ಟಾರ. ನಿಮಗ?"

ನಾನು ಬರೆದ ಉಗ್ರಾಣಿ ಯಾವ ಪುಟ ಏನು ಕೇಳಿದರೂ ಸರಿಯಾಗಿ ಉತ್ತರಿಸುತ್ತಿದ್ದ. ಆ ತಾಯಿಗೆ ಏನು ಹೇಳಬೇಕೆಂದು ಅವನಿಗೂ ನಾನು ಕಲಿಸಿರಲಿಲ್ಲ, ನನಗೂ ಗೊತ್ತಿರಲಿಲ್ಲ. "ಅದ್ರಿ ಅವ್ವಾರ" ಎನ್ನಲು ಕಾಕಾರ ವಯಸ್ಸು ಬೇಕು, ಅವರಿಗಿದ್ದ ಸಲಿಗೆ ಬೇಕು.

"ನನ್ನ ಹೆಸರು ತಗದ್ಬಿಡ್ರಿ," ಎಂದಳು ಶೈಲಾ.

"ಅವ್ವಾರಿಗೆ?"

"ಅದನ್ನ ನಾನs ಹೇಳಬೇಕ್ರಿ. ಇಷ್ಟ ವರ್ಷ ಕಾಕಾ ನನ್ನ ಬದಲಿ ಉತ್ತರಾ ಕೊಟ್ರು."

ಅವಳೆದುರೇ ಲ್ಯಾಪ್‌ಟಾಪು ತೆರೆದು ಆ ಹೆಸರನ್ನು ಅಳಿಸಿದೆ. ಒಂದೇ ಸಾಲಿನ ಅಪ್ಪಣೆ, ಒಂದೇ ಕಡೆ. ಅವಳು ಪರದೆಯನ್ನು ನೋಡಿ ತಲೆಯಾಡಿಸಿ, ಎದ್ದು ನಾಲ್ಕು ಹೆಜ್ಜೆ ಆಚೆ ಹೋಗಿ ಕಂಬಕ್ಕೊರಗಿ ಫೋನು ಕಿವಿಗಿಟ್ಟುಕೊಂಡಳು. "ಅವ್ವಾ, ಊಟ ಆತೇನ?" ಎಂದದ್ದು ಕೇಳಿಸಿತು. ಮುಂದಿನದು ನಾನು ಕೇಳಬಾರದ್ದು. ಚೀಲ ಹೆಗಲಿಗೇರಿಸಿ, ಮಾತು ಕಿವಿಗೆ ಬೀಳದಷ್ಟು ದೂರಕ್ಕೆ ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದೆ.